ರಾಣಿಗೆ ಸಿಕ್ಕ ರಜೆ

2014ರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ನಾವು ನಾಲ್ವರು ಗೆಳತಿಯರು ಜಯನಗರದ ಸ್ವಾಗತ್ ಗರುಡ ಮಾಲ್‌ನಲ್ಲಿ ‘ಕ್ವೀನ್’ ಎಂಬ ಹಿಂದಿ ಚಿತ್ರವನ್ನು ನೋಡಿದೆವು. ತಿಲಕ್ ನಗರದ ಉರ್ದು ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು, ಆಮೇಲೆ ಕನ್ನಡ ಹೈಸ್ಕೂಲಿನಲ್ಲಿ ಒತ್ತಕ್ಷರಗಳಿಗಾಗಿ ಒಟ್ಟಿಗೇ ಬೈಸಿಕೊಂಡವರು ನಾವು. ಮದುವೆಯಾದ ಮೇಲೆ ಒಬ್ಬಳು ಗುರಪ್ಪನಪಾಳ್ಯಕ್ಕೆ, ಒಬ್ಬಳು ಜೆ.ಪಿ. ನಗರಕ್ಕೆ, ಒಬ್ಬಳು ಬನಶಂಕರಿಗೆ ಸೇರಿದರು. ಊರು ಒಂದೇ ಆದರೂ ಮುಖ ನೋಡಿಕೊಳ್ಳುವುದು ವರ್ಷಕ್ಕೆ ಎರಡು ಸಲ, ಅದೂ ಯಾರದಾದರೂ ಮದುವೆಯಲ್ಲೋ ಮಯ್ಯತ್ತಿನಲ್ಲೋ. ಆ ದಿನ ಒಬ್ಬಳು ಅತ್ತೆಗೆ ಫೋರ್ತ್ ಬ್ಲಾಕ್ ಕಾಂಪ್ಲೆಕ್ಸಿಗೆ ಬಟ್ಟೆ ತರಲು ಹೋಗುತ್ತೇನೆಂದು ಹೇಳಿ ಬಂದಿದ್ದಳು. ಹೇಳಿದ ಸುಳ್ಳು ಸುಳ್ಳಾಗಬಾರದೆಂದು ಸಿನಿಮಾ ಬಿಟ್ಟ ಮೇಲೆ ಓಡಿ ಹೋಗಿ ಎರಡು ಮೀಟರ್ ಲೈನಿಂಗ್ ಬಟ್ಟೆ ಕೊಂಡೆವು.

ಆಟೋದಲ್ಲಿ ಕೂತು ಆಫ್ ಮಾಡಿದ್ದ ಮೊಬೈಲ್‌ಗಳನ್ನು ತೆರೆದಾಗ ನಾಲ್ಕೂ ಒಂದರ ಹಿಂದೆ ಒಂದು ಕೂಗತೊಡಗಿದವು. ಎಲ್ಲಿದ್ದೀಯಾ? ಎಷ್ಟು ಹೊತ್ತಿಗೆ ಬರ್ತೀಯಾ? ಮಗು ಅಳ್ತಿದೆ, ಗ್ಯಾಸ್ ಮುಗಿದಿದೆ, ಸಾರಿಗೆ ಏನು ಮಾಡೋದು? ಆಗ ಗುರಪ್ಪನಪಾಳ್ಯದ ಗೆಳತಿ ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ಇನ್ನೂ ಉಳಿದಿದೆ: “ಅದು ಹನಿಮೂನ್ ಟಿಕೆಟ್ ಆಗಿದ್ದಕ್ಕೆ ಆಕೆಗೆ ಸಿಕ್ತು. ಗೆಳತಿಯರ ಜೊತೆ ಹೋಗ್ತೀನಿ ಅಂತ ಕೇಳಿದ್ದಿದ್ರೆ ಪಾಸ್‌ಪೋರ್ಟೇ ಆಗ್ತಿರಲಿಲ್ಲ ಕಣೇ.”

ಆ ಚಿತ್ರದ ಬಗ್ಗೆ ಆಗ ಬಂದ ವಿಮರ್ಶೆಗಳು ಬಹಳ. ಹೆಣ್ಣಿನ ಸ್ವಾತಂತ್ರ್ಯದ ಚಿತ್ರವೆಂದು ಹಾಡಿ ಹೊಗಳಿದವರೂ, ಹೆಣ್ಣುಮಕ್ಕಳನ್ನು ಹಾಳುಮಾಡುವ ಚಿತ್ರವೆಂದು ಮೂಗು ಮುರಿದವರೂ ಇದ್ದರು. ಆದರೆ ನಮ್ಮ ಗೆಳತಿ ಆಟೋದಲ್ಲಿ ಹೇಳಿದಷ್ಟು ನೇರವಾದ ವಿಮರ್ಶೆಯನ್ನು ನಾವು ಎಲ್ಲೂ ಓದಲಿಲ್ಲ. ಆ ಮಾತಿನ ಬೆನ್ನು ಹಿಡಿದೇ ಈ ಚಿತ್ರವನ್ನು ಇನ್ನೊಮ್ಮೆ ನೋಡುವುದು ಈ ಬರಹದ ಉದ್ದೇಶ.

ವಿಕಾಸ್ ಬೆಹ್ಲ್ ನಿರ್ದೇಶಿಸಿದ ‘ಕ್ವೀನ್’ ಕಥೆ ಸರಳ. ದೆಹಲಿಯ ರಾಜೌರಿ ಗಾರ್ಡನ್‌ನ ಮಿಠಾಯಿ ಅಂಗಡಿಯವರ ಮಗಳು ರಾಣಿ. ಕೈಯ ಮೆಹೆಂದಿ ಮಾಸುವ ಮೊದಲೇ, ವಿದೇಶ ಕಂಡು ಬಂದ ವರ ವಿಜಯ್, ನೀನು ನನಗೆ ಹೊಂದುವುದಿಲ್ಲ ಎಂದು ಮದುವೆಯನ್ನು ಮುರಿಯುತ್ತಾನೆ. ಒಂದು ದಿನವಿಡೀ ಕೋಣೆಯ ಬಾಗಿಲು ಹಾಕಿಕೊಂಡು ಅತ್ತ ರಾಣಿ, ಮಧುಚಂದ್ರಕ್ಕೆಂದು ಮೊದಲೇ ಕಾದಿರಿಸಿದ್ದ ಟಿಕೆಟ್ಟಿನಲ್ಲಿ ಒಬ್ಬಳೇ ಪ್ಯಾರಿಸ್ಸಿಗೂ ಆಮ್‌ಸ್ಟರ್‌ಡಾಮಿಗೂ ಹೊರಡುತ್ತಾಳೆ. ಮರಳಿ ಬಂದಾಗ ಅದೇ ವರನ ಕೈಗೆ ಉಂಗುರ ಹಿಂತಿರುಗಿಸಿ, ಧನ್ಯವಾದ ಹೇಳಿ, ನಗುತ್ತಾ ನಡೆದುಹೋಗುತ್ತಾಳೆ. ಅತ್ಯುತ್ತಮ ಹಿಂದಿ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ, ರಾಣಿಯಾಗಿ ನಟಿಸಿದ ಕಂಗನಾ ರನೌತ್ ಅವರಿಗೆ ಅತ್ಯುತ್ತಮ ನಟಿಯ ರಾಷ್ಟ್ರಪ್ರಶಸ್ತಿಯೂ ಇದಕ್ಕೆ ಬಂದವು.

ಪ್ರೇಮಹಾಸ್ಯದ ಚಿತ್ರಗಳಿಗೆ ಒಂದು ಸಿದ್ಧ ಅಚ್ಚಿದೆ. ಹುಡುಗ ಹುಡುಗಿ ಜಗಳವಾಡಬೇಕು, ಅಗಲಬೇಕು, ಕೊನೆಗೆ ಒಂದಾಗಬೇಕು. ನಡುವೆ ನಾಯಕಿಯ ಗೆಳತಿ ಎಂಬುವಳೊಬ್ಬಳು ಪತ್ರ ಮುಟ್ಟಿಸಲು, ಕಿಚಾಯಿಸಲು, ಹಾಡಿನಲ್ಲಿ ಹಿಂದಿನ ಸಾಲಿನಲ್ಲಿ ಕುಣಿಯಲು ಬೇಕು. ‘ಕ್ವೀನ್’ ಈ ಅಚ್ಚನ್ನು ಮುರಿಯುವುದು ದೊಡ್ಡ ಮಾತುಗಳಿಂದಲ್ಲ. ಅದು ಗೆಳತಿಯನ್ನು ಹಿಂದಿನ ಸಾಲಿನಿಂದ ಕರೆದು ನಾಯಕಿಯ ಪಕ್ಕ ಕೂರಿಸುತ್ತದೆ, ಅಷ್ಟೇ. ಪ್ಯಾರಿಸ್ಸಿನ ಹೋಟೆಲಿನಲ್ಲಿ ಕೋಣೆ ಶುಚಿಮಾಡುವ ವಿಜಯಲಕ್ಷ್ಮಿ ಎಂಬವಳು, ಅರ್ಧ ನಮ್ಮವಳು ಅರ್ಧ ಅಲ್ಲಿಯವಳು, ಗಂಡನಿಲ್ಲದೆ ಮಗನನ್ನು ಸಾಕುತ್ತಿರುವವಳು, ರಾಣಿಗೆ ಜೊತೆಯಾಗುತ್ತಾಳೆ. ಕೈಬಿಟ್ಟ ವರನ ಹೆಸರು ವಿಜಯ್, ಕೈಹಿಡಿದ ಗೆಳತಿಯ ಹೆಸರು ವಿಜಯಲಕ್ಷ್ಮಿ. ಚಿತ್ರದ ಪ್ರೇಮಕಥೆ ಯಾವುದೆಂದು ಹುಡುಕುವವರಿಗೆ ಇಷ್ಟು ಸುಳಿವು ಸಾಕು.

ಈ ಗೆಳೆತನದ ವಿಶೇಷವೆಂದರೆ ಇಬ್ಬರೂ ಒಬ್ಬರನ್ನೊಬ್ಬರು ತಿದ್ದಲು ಹೋಗುವುದಿಲ್ಲ. ವಿಜಯಲಕ್ಷ್ಮಿಯ ಬದುಕಿನ ರೀತಿ ರಾಣಿಗೆ ಗಾಬರಿ ಹುಟ್ಟಿಸುತ್ತದೆ. ರಾಣಿಯ ಸ್ವೆಟರು, ಅಂಜಿಕೆ, ಮಾತುಮಾತಿಗೂ ಕಣ್ಣೊರೆಸಿಕೊಳ್ಳುವುದು ವಿಜಯಲಕ್ಷ್ಮಿಗೆ ನಗು ತರಿಸುತ್ತದೆ. ಆದರೂ ಒಬ್ಬಳು ಇನ್ನೊಬ್ಬಳಂತಾಗದೆಯೇ ಇಬ್ಬರೂ ಹತ್ತಿರವಾಗುತ್ತಾರೆ. ಮದ್ಯ ಕುಡಿದ ರಾತ್ರಿ ರಾಣಿ ಹೇಳಿಕೊಳ್ಳುವ ದೂರುಗಳಲ್ಲಿ ಒಂದು, ನಮ್ಮ ಕಡೆ ಹುಡುಗಿಯರು ತೇಗುವಂತೆಯೂ ಇಲ್ಲ ಎಂಬುದು. ಚಿತ್ರಮಂದಿರವಿಡೀ ನಕ್ಕಿತು, ನಾವೂ ನಕ್ಕೆವು. ಆಮೇಲೆ ನಾಲ್ವರಲ್ಲಿ ಇಬ್ಬರು ಸುಮ್ಮನಾದುದನ್ನು ನಾವು ಗಮನಿಸಿದೆವು. ಒಳ್ಳೆಯ ಹಾಸ್ಯ ಹೀಗೆಯೇ ಕೆಲಸ ಮಾಡುತ್ತದೆ.

ಇನ್ನೊಂದು ದೃಶ್ಯ. ವರನೊಡನೆ ನೋಡಬೇಕೆಂದು ಕನಸು ಕಂಡಿದ್ದ ಐಫೆಲ್ ಗೋಪುರ ಪ್ಯಾರಿಸ್ಸಿನ ಯಾವ ಬೀದಿಗೆ ತಿರುಗಿದರೂ ರಾಣಿಗೆ ಎದುರಾಗುತ್ತದೆ, ಆಕೆ ಅದರಿಂದ ತಪ್ಪಿಸಿಕೊಂಡು ಓಡುತ್ತಾಳೆ. ವಿದೇಶದ ಚೆಂದವನ್ನು ಹಾಡಿಗಾಗಿ ಬಳಸುವುದೇ ರೂಢಿಯಾಗಿರುವ ನಮ್ಮ ಸಿನಿಮಾಗಳಲ್ಲಿ, ಅದೇ ಚೆಂದ ಒಬ್ಬ ಹೆಣ್ಣಿಗೆ ಹೆದರಿಕೆಯಾಗಿ ಕಾಡುವುದನ್ನು ನಾವು ನೋಡಿದ್ದು ಅದೇ ಮೊದಲು. ಕಳ್ಳನೊಬ್ಬ ಕೈಚೀಲ ಕಸಿಯಲು ಬಂದಾಗ ಆಕೆ ಜೀವ ಹೋದರೂ ಬಿಡೆನೆಂದು ಹಿಡಿದುಕೊಳ್ಳುವ ದೃಶ್ಯವನ್ನೂ ನೆನೆಯಬೇಕು. ಎಲ್ಲವನ್ನೂ ಬಿಟ್ಟುಕೊಡುತ್ತಾ ಬಂದ ಹುಡುಗಿ ಬಿಟ್ಟುಕೊಡದ ಮೊದಲ ವಸ್ತು ಆ ಚೀಲ.

ಕನ್ನಡದ ಕಡೆ ತಿರುಗಿ ನೋಡಿದರೆ ನಮಗೆ ಸಿಗುವುದೇನು? 1978ರಲ್ಲೇ ‘ಸಿಂಗಾಪುರದಲ್ಲಿ ರಾಜಾ ಕುಳ್ಳ’ ವಿದೇಶ ಕಂಡಿತು. ಇಬ್ಬರು ಗೆಳೆಯರ ಆ ಮೋಜಿನ ಚಿತ್ರವನ್ನು ನಮ್ಮ ತಂದೆಯವರ ತಲೆಮಾರು ಮತ್ತೆ ಮತ್ತೆ ನೋಡಿತು. ನಾಗತಿಹಳ್ಳಿ ಚಂದ್ರಶೇಖರ್ ಅವರು ‘ಅಮೆರಿಕಾ ಅಮೆರಿಕಾ’ದಲ್ಲಿ, 2003ರ ‘ಪ್ಯಾರಿಸ್ ಪ್ರಣಯ’ದಲ್ಲಿ ಕಡಲಾಚೆಯ ಊರುಗಳನ್ನು ನಮ್ಮ ಭಾವಜಗತ್ತಿಗೆ ತಂದರು. ಅಲ್ಲೆಲ್ಲ ಹೆಣ್ಣು ಪರದೇಶಕ್ಕೆ ಹೋಗುವುದು ಹೆಂಡತಿಯಾಗಿ, ಇಲ್ಲವೇ ಪ್ರೇಯಸಿಯಾಗಿ. ಇಬ್ಬರು ಗಂಡಸರು ಸಿಂಗಾಪುರದಲ್ಲಿ ಅಲೆದರೆ ಅದು ಹಾಸ್ಯ. ಇಬ್ಬರು ಹೆಂಗಸರು ಅಲೆಯುವ ಚಿತ್ರವನ್ನು ನಮ್ಮವರು ಕಲ್ಪಿಸಿಕೊಳ್ಳಲೂ ಇಲ್ಲ.

ಜಯನಗರದ ಕಾಂಪ್ಲೆಕ್ಸಿನಲ್ಲಿ ಪುಟ್ಟಣ್ಣ ಕಣಗಾಲರ ಹೆಸರಿನ ಚಿತ್ರಮಂದಿರವೊಂದಿತ್ತು. ಹೆಣ್ಣಿನ ಮನಸ್ಸನ್ನು ಅವರಷ್ಟು ಕಾಳಜಿಯಿಂದ ನೋಡಿದ ಕನ್ನಡ ನಿರ್ದೇಶಕರು ಕಡಿಮೆ. ಆದರೂ 1971ರ ‘ಶರಪಂಜರ’ದ ಕಾವೇರಿ ಕೊನೆಗೆ ಹುಚ್ಚಾಸ್ಪತ್ರೆಗೆ ಮರಳುವಾಗ, ‘ಬಾರೇ, ನಮ್ಮ ಮನೆಗೆ ಹೋಗೋಣ’ ಎನ್ನಲು ಆಕೆಯ ಪಕ್ಕದಲ್ಲಿ ಒಬ್ಬ ಗೆಳತಿಯಿಲ್ಲ. ಗಂಡ, ನೆರೆಯವರು, ಸಮಾಜ ಎಲ್ಲರ ತಪ್ಪನ್ನೂ ಆ ಚಿತ್ರ ಎತ್ತಿ ತೋರಿಸಿತು. ಗೆಳತಿ ಇಲ್ಲದಿರುವುದು ಮಾತ್ರ ಯಾರಿಗೂ ಕೊರತೆಯೆಂದು ತೋರಲಿಲ್ಲ.

ಹೆಂಗಸರ ಗೆಳೆತನವನ್ನು ನಿಜವಾಗಿ ಕಂಡ ಕನ್ನಡ ಚಿತ್ರ ಯಾವುದೆಂದರೆ ನಾವು ವೈದೇಹಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ಮಾಡಿದ ‘ಗುಲಾಬಿ ಟಾಕೀಸ್’ ಎನ್ನುತ್ತೇವೆ. ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಆ ಚಿತ್ರದಲ್ಲಿ ಸೂಲಗಿತ್ತಿ ಗುಲಾಬಿಯ ಗುಡಿಸಲಿಗೆ ಟಿ.ವಿ. ಬರುತ್ತದೆ. ಅದನ್ನು ನೋಡುವ ನೆಪದಲ್ಲಿ ಕರಾವಳಿಯ ಮೀನುಗಾರರ ಕೇರಿಯ ಹೆಂಗಸರು ಆ ಮುಸ್ಲಿಂ ಹೆಂಗಸಿನ ಮನೆಯಲ್ಲಿ ಸೇರುತ್ತಾರೆ. ಗಂಡನನ್ನು ದೂರದೇಶಕ್ಕೆ ಕಳಿಸಿ ಅತ್ತೆಯ ಜೊತೆ ಬೇಯುತ್ತಿರುವ ನೇತ್ರು, ಗುಲಾಬಿಯ ಪಕ್ಕದಲ್ಲಿ ಕೂತು ಉಸಿರು ಬಿಡುತ್ತಾಳೆ. ಒಂದು ದಿನ ನೇತ್ರು ಕಾಣೆಯಾದಾಗ ಊರಿನ ಬೆರಳು ಗುಲಾಬಿಯತ್ತ ತಿರುಗುತ್ತದೆ, ಕೊನೆಗೆ ಊರು ಬಿಡಬೇಕಾದವಳು ಗುಲಾಬಿಯೇ. ಹೆಂಗಸರಿಬ್ಬರ ಸ್ನೇಹಕ್ಕೆ ನಮ್ಮ ಸಮಾಜ ವಿಧಿಸುವ ದಂಡ ಎಷ್ಟು ದೊಡ್ಡದೆಂದು ತಿಳಿಯಬೇಕಾದವರು ‘ಕ್ವೀನ್’ ಪಕ್ಕದಲ್ಲಿಟ್ಟು ಈ ಚಿತ್ರವನ್ನು ನೋಡಬೇಕು. ರಾಣಿಗೆ ಪ್ಯಾರಿಸ್ ಸಿಕ್ಕಿತು, ಗುಲಾಬಿಗೆ ಗಡೀಪಾರು ಸಿಕ್ಕಿತು.

ಸಿನಿಮಾ ಮಾಡದ ಕೆಲಸವನ್ನು ಕನ್ನಡದ ಪುಸ್ತಕಗಳು ಮಾಡಿವೆ ಎಂಬುದನ್ನೂ ಹೇಳಬೇಕು. ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ಎಂಜಿನಿಯರ್ ಆಗಿದ್ದ ನೇಮಿಚಂದ್ರ ಅವರು ಗೆಳತಿಯ ಜೊತೆಗೆ ದಕ್ಷಿಣ ಅಮೆರಿಕದವರೆಗೆ ಹೋಗಿಬಂದು ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಬರೆದರು. ಮನೆ, ಮಗು, ನೌಕರಿ ಎಲ್ಲ ಇರುವ ಹೆಂಗಸರು ಕನಸೊಂದರ ಬೆನ್ನು ಹತ್ತಿ ಹೋಗುವುದು ಕನ್ನಡದಲ್ಲಿ ನಡೆದಿದೆ, ಮುದ್ರಣವೂ ಆಗಿದೆ. ನಮ್ಮ ನಿರ್ಮಾಪಕರ ಕಣ್ಣಿಗೆ ಬಿದ್ದಿಲ್ಲ ಅಷ್ಟೇ.

ಇನ್ನು ‘ಕ್ವೀನ್’ ಎಡವಿದ ಜಾಗ. ವಿಜಯಲಕ್ಷ್ಮಿ ಕೊಟ್ಟ ಪೊಟ್ಟಣವೊಂದನ್ನು ಮುಟ್ಟಿಸಲು ರಾಣಿ ಆಮ್‌ಸ್ಟರ್‌ಡಾಮಿನಲ್ಲಿ ರುಖ್ಸಾರ್ ಎಂಬವಳನ್ನು ಹುಡುಕಿಕೊಂಡು ಹೋಗುತ್ತಾಳೆ. ಅದು ಗಾಜಿನ ಕಿಟಕಿಗಳ ಹಿಂದೆ ಹೆಂಗಸರು ನಿಲ್ಲುವ ಕೇರಿ. ರುಖ್ಸಾರ್ ಪಾಕಿಸ್ತಾನದಿಂದ ಬಂದವಳು, ಊರಿನ ಮನೆಯ ಹೊಣೆ ಹೊತ್ತವಳು, ಬೇರೆ ಹೆಸರಿನಲ್ಲಿ ಈ ಕೆಲಸಕ್ಕಿಳಿದವಳು. ರಾಣಿ ಆಕೆಯನ್ನು ಕೀಳಾಗಿ ಕಾಣುವುದಿಲ್ಲ, ಅಕ್ಕತಂಗಿಯರಂತೆ ಮಾತಾಡುತ್ತಾಳೆ. ಇದನ್ನು ಮೆಚ್ಚಲೇಬೇಕು. ಎರಡು ದೇಶಗಳ ವೈರವನ್ನೇ ಮಾರುಕಟ್ಟೆ ಮಾಡಿಕೊಂಡ ಹಿಂದಿ ಸಿನಿಮಾದಲ್ಲಿ ಗಡಿಯಾಚೆಯ ಹೆಣ್ಣೊಬ್ಬಳು ಮನುಷ್ಯಳಾಗಿ ಬಂದದ್ದು ಸಣ್ಣ ಮಾತಲ್ಲ.

ಆದರೆ ಅಲ್ಲಿಗೆ ಚಿತ್ರದ ಕುತೂಹಲ ಮುಗಿಯುತ್ತದೆ. ರಾಣಿ ಹೊಸ ಪಾಠ ಕಲಿತು ಮುಂದೆ ನಡೆಯುತ್ತಾಳೆ, ರುಖ್ಸಾರ್ ಕಿಟಕಿಯ ಹಿಂದೆ ಉಳಿಯುತ್ತಾಳೆ. ಇಬ್ಬರೂ ಮನೆಯಿಂದ ದೂರ ಅದೇ ಊರಿನಲ್ಲಿರುವ ಹೆಂಗಸರು. ಒಬ್ಬಳಿಗೆ ಅದು ರಜೆ, ಇನ್ನೊಬ್ಬಳಿಗೆ ದುಡಿಮೆ. ಒಬ್ಬಳ ಬಳಿ ಮರಳುವ ಟಿಕೆಟ್ ಇದೆ, ಇನ್ನೊಬ್ಬಳಿಗೆ ಮರಳಿದರೆ ಮುಖ ತೋರಿಸುವ ಮನೆಯಿಲ್ಲ. ವಿಜಯಲಕ್ಷ್ಮಿಯೂ ಹೋಟೆಲಿನಲ್ಲಿ ಪರರ ಹಾಸಿಗೆ ಸರಿಪಡಿಸುವವಳೇ ಎಂಬುದನ್ನು ನೆನಪಿಡೋಣ. ರಾಣಿಯ ರಜೆ ನಡೆಯುವುದೇ ರಜೆಯಿಲ್ಲದ ಹೆಂಗಸರ ದುಡಿಮೆಯ ಮೇಲೆ. ಚಿತ್ರ ಇದನ್ನು ತೋರಿಸುತ್ತದೆ, ಆದರೆ ನೋಡುವುದಿಲ್ಲ.

ನಾಲ್ಕು ವರ್ಷಗಳ ನಂತರ ಬಂದ ‘ವೀರೇ ದಿ ವೆಡ್ಡಿಂಗ್’ (2018) ಈ ದೋಷವನ್ನು ಹತ್ತು ಪಾಲು ಮಾಡಿತು. ನಾಲ್ವರು ಗೆಳತಿಯರು, ಒಂದು ಮದುವೆ, ನಡುವೆ ಥಾಯ್ಲೆಂಡಿನ ಫುಕೆಟ್‌ಗೆ ಒಂದು ಪ್ರವಾಸ. ಇಲ್ಲಿ ಟಿಕೆಟ್ ಯಾರು ಕೊಂಡರು ಎಂಬ ಪ್ರಶ್ನೆಯೇ ಏಳದಷ್ಟು ಹಣವಿದೆ. ಗಂಡಸರಂತೆ ಬೈದರೆ, ಗಂಡಸರಂತೆ ಕುಡಿದರೆ ಬಿಡುಗಡೆ ಎಂದು ನಂಬಿದ ಚಿತ್ರ ಅದು. ಅದರಲ್ಲೂ ಒಳ್ಳೆಯ ಗಳಿಗೆಗಳಿವೆ, ಗೆಳತಿಯರು ಒಬ್ಬರ ಗುಟ್ಟನ್ನು ಇನ್ನೊಬ್ಬರು ಹೊತ್ತುಕೊಳ್ಳುವ ಗಳಿಗೆಗಳು. ಆದರೆ ಉಡುಪಿಗೆ ಕೊಟ್ಟ ಗಮನವನ್ನು ಆ ಗಳಿಗೆಗಳಿಗೆ ಕೊಟ್ಟಿಲ್ಲ. ಆ ಚಿತ್ರ ಮುಗಿದ ಮೇಲೆ ನಮ್ಮೊಳಗೆ ಯಾರೂ ಸುಮ್ಮನಾಗಲಿಲ್ಲ.

‘ಕ್ವೀನ್’ ಚಿತ್ರವನ್ನು ದಕ್ಷಿಣದ ನಾಲ್ಕು ಭಾಷೆಗಳಿಗೆ ತರುವ ಕೆಲಸವೂ ನಡೆಯಿತು. ಕನ್ನಡದ್ದರ ಹೆಸರು ‘ಬಟರ್‌ಫ್ಲೈ’. ರಮೇಶ್ ಅರವಿಂದ್ ನಿರ್ದೇಶನ, ಪಾರುಲ್ ಯಾದವ್ ನಾಯಕಿ. ದೆಹಲಿಯ ರಾಣಿ ಇಲ್ಲಿ ಗೋಕರ್ಣದ ಪಾರ್ವತಿ. ಮಲಯಾಳಂ ರೂಪಕ್ಕೆ ‘ಝಮ್ ಝಮ್’ ಎಂದು ಹೆಸರಿಟ್ಟು ನಾಯಕಿಯನ್ನು ಮುಸ್ಲಿಂ ಹುಡುಗಿಯಾಗಿಸಿದ್ದರು. 2018ರ ಕೊನೆಯಲ್ಲಿ ಟೀಸರ್‌ಗಳು ಬಂದವು. ತಮಿಳಿನದರಲ್ಲಿ ಗೆಳತಿಯೊಬ್ಬಳು ನಾಯಕಿಯ ಮೈಮುಟ್ಟಿ ತಮಾಷೆ ಮಾಡುವ ಒಂದು ಕ್ಷಣದ ದೃಶ್ಯಕ್ಕೆ ಎದ್ದ ಗದ್ದಲ, ಆಮೇಲೆ ಸೆನ್ಸಾರ್ ಮಂಡಳಿಯ ಕತ್ತರಿಯ ತಕರಾರು, ಇವೆಲ್ಲ ಸುದ್ದಿಯಾದವು. ವರ್ಷಗಳು ಉರುಳಿದರೂ ಚಿತ್ರಗಳು ಮಾತ್ರ ನಮ್ಮ ಚಿತ್ರಮಂದಿರಗಳಿಗೆ ಬರಲಿಲ್ಲ. ನಮಗೆ ಆ ಎರಡನ್ನೂ ನೋಡುವ ಆಸೆಯಿತ್ತು. ಗೋಕರ್ಣದ ಹುಡುಗಿ ಪ್ಯಾರಿಸ್ಸಿನಲ್ಲಿ ಯಾವ ಕನ್ನಡದಲ್ಲಿ ಅಳುತ್ತಾಳೆ? ಕೇರಳದ ಮುಸ್ಲಿಂ ಹುಡುಗಿ ಒಬ್ಬಳೇ ವಿಮಾನ ಹತ್ತುತ್ತೇನೆಂದಾಗ ಆ ಮನೆಯ ಜಗಲಿಯಲ್ಲಿ ಏನು ನಡೆಯುತ್ತದೆ? ಮೂಲ ಚಿತ್ರ ಕೇಳದ ಪ್ರಶ್ನೆಗಳನ್ನು ಈ ರೂಪಾಂತರಗಳು ಕೇಳಲೇಬೇಕಾಗುತ್ತಿತ್ತು.

ನಮ್ಮ ಓದುಗರಲ್ಲಿ ಹಿರಿಯರು ಕೆಲವರು ಇಲ್ಲಿ ತಡೆದು ಕೇಳಬಹುದು: ಕುಡಿದು ಕುಣಿಯುವ ಹುಡುಗಿಯ ಚಿತ್ರದಿಂದ ನಮ್ಮ ಹೆಣ್ಣುಮಕ್ಕಳು ಕಲಿಯಬೇಕಾದುದೇನಮ್ಮಾ? ಕೇಳತಕ್ಕ ಪ್ರಶ್ನೆಯೇ. ರಾಣಿಯ ಕುಡಿತ ನಮಗೂ ಬೇಕಿಲ್ಲ. ಆದರೆ ಕುಡಿತವನ್ನು ತೆಗೆದುಹಾಕಿದ ಮೇಲೂ ಆ ಚಿತ್ರದಲ್ಲಿ ಒಂದು ಬೇಡಿಕೆ ಉಳಿಯುತ್ತದೆ. ಸ್ವಲ್ಪ ಹೊತ್ತು ಯಾರ ಮಗಳೂ, ಯಾರ ಸೊಸೆಯೂ, ಯಾರ ಅಮ್ಮಿಯೂ ಆಗದೆ ಇರಲು ಸಮಯ ಬೇಕು, ಆ ಸಮಯದಲ್ಲಿ ಜೊತೆಗೊಬ್ಬ ಗೆಳತಿ ಬೇಕು. ಇದನ್ನು ಹಾಳಾಗುವುದು ಎನ್ನುವುದಾದರೆ, ಮಸೀದಿಯ ಎದುರಿನ ಚಹಾ ಅಂಗಡಿಯಲ್ಲಿ ಇಶಾ ಆದ ಮೇಲೆ ಹನ್ನೊಂದರವರೆಗೆ ಕೂರುವ ನಮ್ಮ ಗಂಡಸರು ಎಂದೋ ಹಾಳಾಗಿರಬೇಕಿತ್ತು.

ಹಿರಿಯರಿಗೆ ನಾವು ಇನ್ನೊಂದು ಪ್ರಯಾಣವನ್ನೂ ನೆನಪಿಸುತ್ತೇವೆ. 45 ದಾಟಿದ ಹೆಂಗಸರು ಮೆಹರಮ್ ಇಲ್ಲದೆ, ಕನಿಷ್ಠ ನಾಲ್ವರ ಗುಂಪಾಗಿ ಹಜ್‌ಗೆ ಹೋಗಬಹುದೆಂದು 2018ರಿಂದ ನಮ್ಮ ದೇಶದಲ್ಲಿ ಅವಕಾಶವಾಯಿತು. ಮೊದಲ ವರ್ಷವೇ ಸಾವಿರಕ್ಕೂ ಮೇಲೆ ಹೆಂಗಸರು ಹೋದರು. 2023ರಲ್ಲಿ ಆ ಸಂಖ್ಯೆ 4,000 ದಾಟಿತು. ಹಜ್ ಪ್ರವಾಸವಲ್ಲ, ಇಬಾದತ್. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ನಾವಲ್ಲ. ಆದರೆ ಹಾಗೆ ಹೋಗಿಬಂದ ನಮ್ಮ ವಿಧವೆ ಖಾಲಾ ಒಬ್ಬರು ಖರ್ಜೂರ, ಜಮ್‌ಜಮ್ ಹಂಚುತ್ತಾ ಕಾಬಾದ ಮೊದಲ ನೋಟವನ್ನು ಕಣ್ಣೀರಿನಲ್ಲಿ ಹೇಳಿ ಮುಗಿಸಿದ ಮೇಲೆ, ಆ ಮೂವರು ಸಂಗಾತಿಗಳ ಕಥೆಗೆ ತೊಡಗಿದರು. ಯಾರು ಗೊರಕೆ ಹೊಡೆಯುತ್ತಿದ್ದರು, ಯಾರ ಉಪ್ಪಿನಕಾಯಿ ಮಿನಾದವರೆಗೂ ಬಂತು, ದಾರಿ ತಪ್ಪಿದಾಗ ಯಾರು ಯಾರ ಕೈ ಹಿಡಿದಿದ್ದರು. ಮೂವತ್ತು ವರ್ಷದಲ್ಲಿ ಅವರು ಅಷ್ಟು ನಗುವುದನ್ನು ನಾವು ಕಂಡಿರಲಿಲ್ಲ. ಈಗಲೂ ಆ ನಾಲ್ವರು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರುತ್ತಾರೆ. ಅರವತ್ತರಲ್ಲಿ ಸಿಕ್ಕ ಗೆಳತಿಯರು!

ಟಿಕೆಟ್ಟಿನ ಮಾತಿಗೆ ಬರೋಣ. 2023ರ ಜೂನ್ 11ರಂದು ಕರ್ನಾಟಕದಲ್ಲಿ ‘ಶಕ್ತಿ’ ಯೋಜನೆ ಜಾರಿಯಾಗಿ, ರಾಜ್ಯದೊಳಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣ ಉಚಿತವಾಯಿತು. ಆ ತಿಂಗಳು ನಡೆದದ್ದನ್ನು ಎಲ್ಲರೂ ಕಂಡಿದ್ದಾರೆ. ಅಕ್ಕತಂಗಿಯರು, ನೆರೆಮನೆಯವರು, ಒಟ್ಟಿಗೆ ಕೂಲಿಗೆ ಹೋಗುವವರು ಗುಂಪು ಗುಂಪಾಗಿ ಧರ್ಮಸ್ಥಳಕ್ಕೆ, ಕುಕ್ಕೆಗೆ ಬಸ್ಸು ಹತ್ತಿದರು. ಅದನ್ನು ನೋಡಿ ನಮ್ಮ ಗಂಡಸರು ಎಷ್ಟೊಂದು ನಕ್ಕರು! ಮನೆಯಲ್ಲಿ ಅಡುಗೆ ಮಾಡುವವರಿಲ್ಲ, ಹೆಂಗಸರು ಬೀದಿಗೆ ಬಿದ್ದರು ಎಂದು ಮೊಬೈಲುಗಳಲ್ಲಿ ಹರಿದಾಡಿದ ಜೋಕುಗಳಿಗೆ ಲೆಕ್ಕವಿರಲಿಲ್ಲ. ಆ ಜೋಕುಗಳನ್ನು ಓದಿದಾಗ ನಮಗೆ ಒಂಬತ್ತು ವರ್ಷದ ಹಿಂದೆ ಗೆಳತಿ ಹೇಳಿದ ಮಾತಿನ ಅರ್ಥ ಪೂರ್ತಿಯಾಗಿ ಹೊಳೆಯಿತು. ರಾಣಿಯ ಟಿಕೆಟ್ ಮದುವೆಯ ಲೆಕ್ಕದಲ್ಲಿತ್ತು. ಖಾಲಾ ಅವರದು ಹಜ್‌ನ ಲೆಕ್ಕದಲ್ಲಿತ್ತು. ಬಸ್ಸು ಹತ್ತಿದವರದು ದೇವರ ಲೆಕ್ಕದಲ್ಲಿತ್ತು. ಹೆಣ್ಣು ಹೊರಗೆ ಹೋಗಲು ಏನಾದರೊಂದು ಲೆಕ್ಕ ಒಪ್ಪಿಸಬೇಕು. ಸುಮ್ಮನೆ ಗೆಳತಿಯ ಜೊತೆ ಹೋಗಿಬರುತ್ತೇನೆ ಎಂಬುದು ಇನ್ನೂ ನಮ್ಮಲ್ಲಿ ಒಂದು ಕಾರಣವಾಗಿಲ್ಲ.

‘ಕ್ವೀನ್’ ನಮಗೆ ಇಂದಿಗೂ ಪ್ರಿಯವಾದ ಚಿತ್ರ. ಹೆಣ್ಣಿಗೆ ಒಮ್ಮೆ ರಜೆ ಸಿಕ್ಕರೆ ಆಕೆ ಏನಾಗಬಲ್ಲಳು ಎಂಬುದನ್ನು ಅದು ಪ್ರೀತಿಯಿಂದ, ನಗುವಿನಿಂದ ತೋರಿಸಿತು. ಆ ರಜೆ ಎಲ್ಲಿಂದ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದನ್ನು ಅದು ಕೇಳಲಿಲ್ಲ. ಅದನ್ನು ಕೇಳುವ ಚಿತ್ರವನ್ನು ಕನ್ನಡದಲ್ಲಿ ಯಾರಾದರೂ ಮಾಡಬೇಕು. ಪ್ಯಾರಿಸ್ಸಿಗೆ ಹೋಗುವ ಖರ್ಚೂ ಬೇಡ. ಕೆಂಪು ಬಸ್ಸಿನ ಹಿಂದಿನ ಸೀಟಿನಲ್ಲಿ ಶೂನ್ಯ ದರದ ಟಿಕೆಟ್ ಹಿಡಿದು ಕೂತ ನಾಲ್ವರು ಹೆಂಗಸರು ಸಾಕು. ಅವರಲ್ಲೊಬ್ಬಳು ಬುರ್ಖಾದವಳಾಗಿರಲಿ, ಒಬ್ಬಳು ಕುಂಕುಮದವಳಾಗಿರಲಿ, ಒಬ್ಬಳು ದಾರಿಯುದ್ದಕ್ಕೂ ವಾಂತಿ ಮಾಡುವವಳಾಗಿರಲಿ.

ಆ ಸಂಜೆ ಆಟೋದಲ್ಲಿ ನಾವು ನಾಲ್ವರೂ ಒಂದು ಒಪ್ಪಂದ ಮಾಡಿಕೊಂಡಿದ್ದೆವು, ಎರಡು ದಿನದ ಮಟ್ಟಿಗಾದರೂ ಎಲ್ಲಿಗಾದರೂ ಒಟ್ಟಿಗೆ ಹೋಗಿಬರುವುದೆಂದು. ‘ಬಟರ್‌ಫ್ಲೈ’ ಸುದ್ದಿ ಬಂದಾಗ ಆ ಜಾಗ ಗೋಕರ್ಣವೆಂದು ನಿರ್ಧಾರವೂ ಆಯಿತು. ಪಾರ್ವತಿ ಗೋಕರ್ಣದಿಂದ ಪ್ಯಾರಿಸ್ಸಿಗೆ ಹೋಗಲಿ, ನಾವು ಜಯನಗರದಿಂದ ಗೋಕರ್ಣಕ್ಕೆ ಹೋಗೋಣ ಎಂದು ನಕ್ಕಿದ್ದೆವು. ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಕಡಲು. ಆ ಚಿತ್ರ ಬರಲಿಲ್ಲ, ನಾವೂ ಹೋಗಲಿಲ್ಲ. ಒಮ್ಮೆ ಒಬ್ಬಳ ಮಗನ ಪರೀಕ್ಷೆ, ಒಮ್ಮೆ ಇನ್ನೊಬ್ಬಳ ಮಾವನ ಆಪರೇಷನ್, ಒಮ್ಮೆ ರಂಜಾನ್. ಈ ಬರಹವನ್ನು ಗುರಪ್ಪನಪಾಳ್ಯದ ಗೆಳತಿಗೆ ಫೋನಿನಲ್ಲಿ ಓದಿ ಹೇಳಿದೆವು. ಕೇಳಿ ಮುಗಿಸಿ ಅವಳು ವಿಮರ್ಶೆಯ ಬಗ್ಗೆ ಏನೂ ಹೇಳಲಿಲ್ಲ. “ಡಿಸೆಂಬರ್‌ನಲ್ಲಿ ಮಕ್ಕಳಿಗೆ ರಜೆ ಇರಲ್ಲ, ಜನವರಿಯಲ್ಲಿ ನೋಡೋಣ್ವಾ?” ಎಂದಳು.